ಶಿಕಾರಿಗೆಂದು ಸ್ವಂತ ಜಮೀನು ಕೊಳ್ಳಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವನು. ಈಗಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಎಂಟು ವರ್ಷ ಸರಕಾರಿ ಕಾಡಿನಲ್ಲಿ ಜಿಂಕೆ ಶಿಕಾರಿ ಮಾಡಿದೆ. ಮೂರು ವರ್ಷ ಜಮೀನು ಹುಡುಕಿದೆ. ಕೊನೆಗೆ ರಾಜ್ಯದ ನೈಋತ್ಯ ಮೂಲೆಯ ಗುಡ್ಡಗಾಡಿನಲ್ಲಿ 40 ಎಕರೆ ಕೊಂಡೆ. ಅಂದಿನಿಂದ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೆ ಸಾಕು, ಯಾರಾದರೂ ಪಕ್ಕಕ್ಕೆ ಬಂದು ಮೆಲ್ಲಗೆ ಈ ವಿಷಯ ತೆಗೆಯುತ್ತಾರೆ. ಉತ್ತರಗಳನ್ನು ಬರೆದಿಟ್ಟರೆ ಹೋಳಿಗೆ ಬಿಸಿ ಇರುವಾಗಲೇ ತಿನ್ನಬಹುದಲ್ಲ ಅಂತ ಇದನ್ನು ಬರೆದಿದ್ದೇನೆ.

ಇಲ್ಲಿರುವುದೆಲ್ಲ ಹೆಚ್ಚಾಗಿ ವಿಸ್ಕಾನ್ಸಿನ್ ಮಾತು. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ನಿಯಮ ನೋಡಿಕೊಳ್ಳಿ.

ಸುತ್ತಿ ಬಳಸಿ ಹೇಳಬೇಡಿ. ಕೊಳ್ಳಬೇಕೋ, ಬೇಡವೋ?

ನವೆಂಬರಿನ ಒಂಬತ್ತು ದಿನದ ಕೋವಿ ಶಿಕಾರಿಗಾಗಿ ಮಾತ್ರ ಆದರೆ ಬೇಡ.

ಕಳೆದ ವರ್ಷ ನಾನು ಜಮೀನಿಗೆ 34 ಸಲ ಹೋಗಿದ್ದೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅದರಲ್ಲಿ ಮರಸಿಗೆ, ಅಂದರೆ ಜಿಂಕೆಗಾಗಿ ಹೊಂಚು ಹಾಕಿ, ಕೂತದ್ದು 11 ದಿನ. ಉಳಿದ ದಿನಗಳೆಲ್ಲ ಗರಗಸ, ಹಾದಿ ಸವರುವುದು, ಬಿದ್ದ ಮರ ಎತ್ತುವುದು, ಮುಳ್ಳು ಕೀಳುವುದು. ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಅದೇ ಖುಷಿ. ನನ್ನ ಜೊತೆ ಶಿಕಾರಿ ಕಲಿತ ಗೆಳೆಯನಿಗೆ ಕೆಲಸ ಅಂದರೆ ಆಗದು, ಜಿಂಕೆ ಮಾತ್ರ ಬೇಕು. ಅವನು ಸರಕಾರಿ ಕಾಡಿನಲ್ಲೇ ಇದ್ದಾನೆ, ನನಗಿಂತ ದೊಡ್ಡ ಕೊಂಬಿನ ಜಿಂಕೆ ಹೊಡೆದಿದ್ದಾನೆ. ಇಬ್ಬರದ್ದೂ ಸರಿಯಾದ ನಿರ್ಧಾರವೇ.

ನನ್ನ ಜಮೀನಿಗೆ ಬಂದ ಜಿಂಕೆ ನನ್ನದೇ ಅಲ್ವಾ?

ಅಲ್ಲ. ಇದು ಎಲ್ಲರೂ ತಪ್ಪು ತಿಳಿಯುವ ಸಂಗತಿ. ಅಮೆರಿಕದಲ್ಲಿ ಮಣ್ಣು ನಿಮ್ಮದು, ಮರ ನಿಮ್ಮದು. ಆದರೆ ಕಾಡುಪ್ರಾಣಿ ಜನರೆಲ್ಲರ ಸೊತ್ತು. ಜನರ ಪರವಾಗಿ ರಾಜ್ಯ ಅದನ್ನು ನೋಡಿಕೊಳ್ಳುತ್ತದೆ. ಸ್ವಂತ ಜಮೀನಿನಲ್ಲಿ ಜಿಂಕೆ ಹೊಡೆಯಲೂ ವಿಸ್ಕಾನ್ಸಿನ್‌ನಲ್ಲಿ ಲೈಸೆನ್ಸ್ ಬೇಕು. ಋತು ಪಾಲಿಸಬೇಕು. ಕೋವಿ ಋತುವಿನಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಟ್ಟೆ ತೊಡಬೇಕು. ಗುಲಾಬಿ ಬಣ್ಣಕ್ಕೂ ಈಗ ಅನುಮತಿ ಇದೆ. ಹೊಡೆದ ಜಿಂಕೆಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ನೋಂದಾಯಿಸಬೇಕು. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಮೊದಲು ಶಿಕಾರಿ ಸುರಕ್ಷತೆಯ ತರಗತಿ ಪಾಸಾಗಬೇಕು. ಆ ತರಗತಿಯಲ್ಲಿ ನನ್ನ ಪಕ್ಕ ಕೂತಿದ್ದವನಿಗೆ ಹನ್ನೊಂದು ವರ್ಷ. ನನಗಿಂತ ಜಾಸ್ತಿ ಅಂಕ ತೆಗೆದ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಜಮೀನು ಕೊಳ್ಳಬಹುದಾ? ಕೋವಿ ಇಟ್ಟುಕೊಳ್ಳಬಹುದಾ?

ಎರಡನ್ನೂ ಬೇರೆ ಬೇರೆ ನೋಡಿ.

ಜಮೀನು ಕೊಳ್ಳಬಹುದು. ವಿದೇಶದಲ್ಲೇ ವಾಸಿಸುವ ವಿದೇಶಿಯರಿಗೆ ವಿಸ್ಕಾನ್ಸಿನ್ 640 ಎಕರೆಯ ಮಿತಿ ಹಾಕಿದೆ. ನಾವ್ಯಾರೂ ಅಷ್ಟು ದೂರ ಹೋಗುವವರಲ್ಲ ಬಿಡಿ. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಕೇಂದ್ರ ಕಾನೂನು ಇದೆ, 1978ರದ್ದು. ಅಮೆರಿಕದ ಪೌರತ್ವವೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ ಎನ್ನುವವರು 10 ಎಕರೆಗಿಂತ ಜಾಸ್ತಿ ಕೃಷಿ ಭೂಮಿ ಅಥವಾ ಕಾಡು ಜಮೀನು ಕೊಂಡರೆ, 90 ದಿನದೊಳಗೆ ಅಮೆರಿಕದ ಕೇಂದ್ರ ಕೃಷಿ ಇಲಾಖೆಗೆ ತಿಳಿಸಬೇಕು. ಫಾರ್ಮಿನ ಹೆಸರು ಎಫ್‌ಎಸ್‌ಎ-153. ಕೊಡದಿದ್ದರೆ ದಂಡ ಜಮೀನಿನ ಬೆಲೆಯ ಶೇ 25ರವರೆಗೂ ಹೋಗಬಹುದು. ಇದನ್ನು ನಿಮ್ಮ ಬ್ರೋಕರ್ ಹೇಳುತ್ತಾನೆ ಅಂತ ನಂಬಿ ಕೂರಬೇಡಿ.

ಕೋವಿಯ ವಿಷಯ ಇನ್ನೂ ಸೂಕ್ಷ್ಮ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟವನ್ನಾಗಲಿ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ತೋಟ ಅಂದರೆ ಅಡಿಕೆ ತೋಟವಲ್ಲ, ಗುಂಡು ಮದ್ದು ತುಂಬಿದ ತೋಟ. ಇದಕ್ಕಿರುವ ರಿಯಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್. ವಿಸ್ಕಾನ್ಸಿನ್ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಲೈಸೆನ್ಸ್ ಮುಗಿದ ದಿನ ರಿಯಾಯಿತಿಯೂ ಮುಗಿಯಿತು, ಕೋವಿ ಮಾತ್ರ ಬೀರುವಿನಲ್ಲೇ ಇರುತ್ತದೆ. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವಾಗ ಇಂಥ ಎಡವಟ್ಟು ಯಾರಿಗೆ ಬೇಕು? ವಲಸೆ ವಕೀಲರನ್ನು ಕೇಳದೆ ಕೋವಿ ಮುಟ್ಟಬೇಡಿ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಬಿಲ್ಲು ಬಾಣದಲ್ಲೇ ಇದ್ದೆ. ಆ ಕಾನೂನಿನಲ್ಲಿ ಬಿಲ್ಲು ಬಂದೂಕು ಅಲ್ಲ. ಬಿಲ್ಲಿನ ಋತುವೂ ಉದ್ದ, ಸೆಪ್ಟೆಂಬರ್ ನಡುವಿನಿಂದ ಜನವರಿ ಶುರುವಿನವರೆಗೆ.

40 ಎಕರೆ ಸಾಕಾ? ಎಲ್ಲರೂ 40 ಅಂತಲೇ ಯಾಕೆ ಹೇಳುತ್ತಾರೆ?

ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ ಅಲ್ವಾ, ಇವರ ಲೆಕ್ಕದಲ್ಲೂ 40 ಹೊಕ್ಕಿದೆ, ಬೇರೆ ರೀತಿಯಲ್ಲಿ. ಹಿಂದೆ ಸರಕಾರ ಈ ನಾಡನ್ನೆಲ್ಲ ಒಂದೊಂದು ಮೈಲಿಯ ಚೌಕ ಮಾಡಿ ಅಳೆಯಿತು. ಒಂದು ಚೌಕ 640 ಎಕರೆ. ಅದರ ಕಾಲು ಭಾಗ 160. ಅದರಲ್ಲೂ ಕಾಲು ಭಾಗ 40. ಒಂದೊಂದು ಬದಿ 1,320 ಅಡಿ, ಅಂದರೆ ಕಾಲು ಮೈಲಿ. ಮಾರಾಟಕ್ಕೆ ಬರುವುದು ಹೆಚ್ಚಾಗಿ ಈ ತುಂಡುಗಳೇ.

ಸಾಕಾ ಅಂದರೆ, ಕೂರಲು ಸಾಕು. ಜಿಂಕೆಯನ್ನು ಹಿಡಿದಿಡಲು ಸಾಲದು. ಬಿಳಿಬಾಲದ ಗಂಡು ಜಿಂಕೆ ನೂರಾರು ಎಕರೆ ಅಲೆಯುತ್ತದೆ. ನವೆಂಬರಿನಲ್ಲಿ ಬೆದೆಗೆ ಬಂತೆಂದರೆ ಇನ್ನೂ ಜಾಸ್ತಿ. ಒಂದೂವರೆ ವರ್ಷದ ಗಂಡುಗಳಂತೂ ಹುಟ್ಟಿದ ಜಾಗ ಬಿಟ್ಟು ಮೈಲಿಗಟ್ಟಲೆ ಹೋಗಿಬಿಡುತ್ತವೆ. ನೀವು ಮೂರು ವರ್ಷ ಕಾದು, ಸಣ್ಣದೆಂದು ಬಿಟ್ಟ ಗಂಡನ್ನು ನೆರೆಯವನು ನಾಳೆ ಬೆಳಿಗ್ಗೆ ಹೊಡೆಯಬಹುದು. ಅದು ಅವನ ಹಕ್ಕು. ಹಾಗಾಗಿ 40 ಎಕರೆ ನೋಡುವಾಗ ಸುತ್ತಲಿನ 400 ಎಕರೆಯನ್ನೂ ನೋಡಿ. ಮೇವು ಎಲ್ಲಿದೆ, ಮಲಗುವ ಜಾಗ ಎಲ್ಲಿದೆ, ನಡುವೆ ನಿಮ್ಮ ತುಂಡು ಹಾದಿಯಾಗಿದೆಯಾ? ನನ್ನದರಲ್ಲಿ ಹೊಲವೂ ಇಲ್ಲ, ನೀರೂ ಕಡಿಮೆ. ಆದರೆ ಎರಡು ಕಣಿವೆ ನಡುವಿನ ತಗ್ಗು ಏಣು ನನ್ನಲ್ಲಿದೆ, ಜಿಂಕೆಗಳು ಅಲ್ಲಿಂದಲೇ ದಾಟುತ್ತವೆ.

ಸರಕಾರಿ ಕಾಡಿನಲ್ಲಿ ಪುಕ್ಕಟೆ ಆಡಬಹುದಲ್ಲ?

ಖಂಡಿತ. ಟೆಕ್ಸಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ನೆಲವೂ ಖಾಸಗಿ. ಅಲ್ಲಿಯವರು ಜಮೀನಿಗೋ ಲೀಸಿಗೋ ದುಡ್ಡು ಸುರಿಯುವುದು ಅರ್ಥವಾಗುತ್ತದೆ. ವಿಸ್ಕಾನ್ಸಿನ್ ಹಾಗಲ್ಲ. ಉತ್ತರದ ಷೆವಾಮೆಗನ್-ನಿಕೊಲೆ ರಾಷ್ಟ್ರೀಯ ಅರಣ್ಯವೊಂದೇ ಸುಮಾರು 15 ಲಕ್ಷ ಎಕರೆ. ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) ಕಾಡು ಸೇರಿದರೆ ಇನ್ನೂ ಸುಮಾರು 24 ಲಕ್ಷ. ಕೊಟ್ಟ ಲೈಸೆನ್ಸ್ ದುಡ್ಡಿಗೇ ಇಷ್ಟೆಲ್ಲ ತೆರೆದಿರುತ್ತದೆ.

ಕಷ್ಟ ಇರುವುದು ಶುರುವಿನ ವಾರಾಂತ್ಯದಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಕತ್ತಲಲ್ಲೇ ಕಾರುಗಳ ಸಾಲು. ಎರಡು ತಿಂಗಳು ನೋಡಿಟ್ಟ ಮರದ ಬುಡದಲ್ಲಿ ಇನ್ನೊಬ್ಬ ಥರ್ಮೋಸ್ ಬಿಚ್ಚಿ ಕಾಫಿ ಕುಡಿಯುತ್ತಾ ಕೂತಿರುತ್ತಾನೆ. ಇದಕ್ಕೆ ಮದ್ದು ರಸ್ತೆಯಿಂದ ಒಂದು ಮೈಲಿ ಜಾಸ್ತಿ ನಡೆಯುವುದು. ಲಕ್ಷಾಂತರ ಡಾಲರ್ ಖರ್ಚು ಮಾಡುವ ಮೊದಲು ಎರಡು ವರ್ಷ ಆ ಒಂದು ಮೈಲಿ ನಡೆದು ನೋಡಿ. ಬಹಳ ಜನರ ಜಮೀನಿನ ಹುಚ್ಚು ಅಲ್ಲೇ ಇಳಿಯುತ್ತದೆ.

ಲೀಸ್‌ಗೆ ತಗೊಂಡರೆ?

ನನ್ನ ಮಟ್ಟಿಗೆ ಹೊಸಬರಿಗೆ ಇದೇ ಒಳ್ಳೆಯದು. ರೈತರ ಕಾಡನ್ನು ವರ್ಷದ ಲೆಕ್ಕದಲ್ಲಿ ಹಿಡಿಯಿರಿ. ಕರಾರು ಬರೆಸಿಕೊಳ್ಳಿ, ವಿಮೆ ಯಾರದ್ದು ಅಂತ ಕೇಳಿ. ಕೆಟ್ಟದ್ದು ಒಂದೇ, ನೀವು ಅಟ್ಟಣಿಗೆ ಕಟ್ಟಿ ಹಾದಿ ಮಾಡಿದ ಮೇಲೆ ಮುಂದಿನ ವರ್ಷ ಅವರ ಅಳಿಯನಿಗೆ ಶಿಕಾರಿ ಆಸೆ ಹುಟ್ಟಬಹುದು.

ಹಣದ ಲೆಕ್ಕ ಬಿಡಿಸಿ ಹೇಳಿ.

ಬೆಲೆ ಕೌಂಟಿಯಿಂದ ಕೌಂಟಿಗೆ ಬೇರೆ. ಮಿಸಿಸಿಪ್ಪಿ ದಂಡೆಯ ಬಫಲೋ ಕೌಂಟಿಗೆ ದೊಡ್ಡ ಕೊಂಬಿನ ಹೆಸರಿದೆ, ಅಲ್ಲಿ ಹೆಸರಿಗೂ ದುಡ್ಡು ಕೊಡಬೇಕು. ಲೆಕ್ಕಕ್ಕೆ ಸುಮ್ನೆ ಎಕರೆಗೆ 6,000 ಡಾಲರ್ ಹಿಡಿಯೋಣ. 40 ಎಕರೆಗೆ 2,40,000. ಖಾಲಿ ಜಮೀನಿಗೆ ಮನೆ ಸಾಲದ ಹಾಗೆ ಸಲೀಸಾಗಿ ಸಾಲ ಸಿಗುವುದಿಲ್ಲ. ಕೈಯಿಂದ ಹಾಕುವ ದುಡ್ಡು ಜಾಸ್ತಿ, ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಕಾಲು ಭಾಗ, ಅಂದರೆ 60,000 ನೀವು ಹಾಕಿದಿರಿ. ಉಳಿದ 1,80,000ಕ್ಕೆ ಶೇ 7.5ರ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 1,450 ಡಾಲರ್. ವರ್ಷಕ್ಕೆ 17,400. ಇದರ ಮೇಲೆ ಕಂದಾಯ, ವಿಮೆ, ಗರಗಸ, ಪೆಟ್ರೋಲು. ಆಮೇಲೆ ಟ್ರ್ಯಾಕ್ಟರಿನ ಆಸೆ ಬಂದೇ ಬರುತ್ತದೆ. ತಡೆಯಲಾಗುವುದಿಲ್ಲ.

ವರ್ಷಕ್ಕೆ ಎರಡು ಜಿಂಕೆ, ಒಂದೊಂದರಿಂದ 20 ಕಿಲೋ ಮಾಂಸ ಅಂತಿಟ್ಟುಕೊಂಡರೆ, ಕಂತಿನ ಲೆಕ್ಕದಲ್ಲೇ ಕಿಲೋಗೆ 435 ಡಾಲರ್. ಈ ಲೆಕ್ಕವನ್ನು ನನ್ನ ಹೆಂಡತಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಎರಡು ವರ್ಷ ಅಲ್ಲೇ ಇತ್ತು.

ಮುಂದೆ ಬೆಲೆ ಏರುತ್ತದೆ ಅನ್ನುವ ಮಾತು ಬರುತ್ತದೆ. ಏರಬಹುದು. ಆದರೆ ಮಾರಬೇಕೆಂದ ದಿನ ಗಿರಾಕಿ ಸಿಗುವುದಿಲ್ಲ, ಸೈಟು ಮಾರಿದಂತಲ್ಲ ಇದು. ಐದು ವರ್ಷದಲ್ಲಿ ಕೆಲಸಕ್ಕಾಗಿ ಕ್ಯಾಲಿಫೋರ್ನಿಯಾಗೆ ಹೋಗುವ ಸಾಧ್ಯತೆ ಇದ್ದರೆ ಈ ಪುಟವನ್ನು ಇಲ್ಲಿಗೇ ಮುಚ್ಚಿ.

ಕಾಗದ ಪತ್ರದಲ್ಲಿ ಏನು ನೋಡಬೇಕು?

ಎಲ್ಲಕ್ಕಿಂತ ಮೊದಲು ದಾರಿ. ಎರಡನೆಯದೂ ದಾರಿ. ಮೂರನೆಯದು ಉಳಿದದ್ದೆಲ್ಲ.

ಈಗಿನ ಜಮೀನಿಗೆ ಮೊದಲು ನಾನು ಇನ್ನೊಂದನ್ನು ಮೆಚ್ಚಿದ್ದೆ. ಓಕ್ ಮರಗಳ ಇಳಿಜಾರು, ಕೆಳಗೆ ಹಳ್ಳ, ಬೆಲೆಯೂ ಕಡಿಮೆ. ಅಷ್ಟು ಕಡಿಮೆ ಯಾಕೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಒಳಗೆ ಹೋಗುವ ಹಾದಿ ಪಕ್ಕದವರ ಜೋಳದ ಹೊಲದ ಅಂಚಿನಲ್ಲಿತ್ತು. 'ಮೂವತ್ತು ವರ್ಷದಿಂದ ಇಲ್ಲೇ ಓಡಾಡ್ತಿದ್ದಾರೆ, ಏನೂ ತೊಂದರೆ ಇಲ್ಲ' ಅಂದ ಬ್ರೋಕರ್. ನಮ್ಮೂರಲ್ಲಿ ತೋಟದ ದಾರಿಗೆ ಎರಡು ತಲೆಮಾರು ಕೋರ್ಟ್ ಅಲೆದವರನ್ನು ನೋಡಿ ಬೆಳೆದವನು ನಾನು. ಆದರೂ ಅರೆಮನಸ್ಸಿನಲ್ಲಿ ನಂಬಿದೆ. ಟೈಟಲ್ ಪರಿಶೀಲನೆಯಲ್ಲಿ, ಅಂದರೆ ಜಮೀನಿನ ಹಕ್ಕುಪತ್ರ ನೋಡಿಸಿದಾಗ ಗೊತ್ತಾಯಿತು, ಆ ಹಾದಿಗೆ ನೋಂದಾಯಿಸಿದ ಹಕ್ಕೇ ಇಲ್ಲ. ಪಕ್ಕದ ಮನೆಯ ಅಜ್ಜನನ್ನು ಹೋಗಿ ಕೇಳಿದೆ. ಅವರು ಒಳ್ಳೆಯವರೇ, ಕಾಫಿ ಕೊಟ್ಟರು. 'ಅವನು ನನ್ನ ಗೆಳೆಯ, ಅದಕ್ಕೆ ಬಿಟ್ಟಿದ್ದೆ. ನಿನ್ನ ಪರಿಚಯ ನನಗಿಲ್ಲವಲ್ಲ' ಅಂದರು. ಎಷ್ಟು ನ್ಯಾಯವಾದ ಮಾತು! ಅಲ್ಲಿಗೆ ಬಿಟ್ಟೆ. ಎರಡು ತಿಂಗಳು ಮತ್ತು ಒಂದಿಷ್ಟು ಫೀಸು ಹೋಯಿತು.

ಆದ್ದರಿಂದ ಜಮೀನು ಸರಕಾರಿ ರಸ್ತೆಗೆ ತಾಗಿರಬೇಕು. ಇಲ್ಲವೇ ದಾರಿ ಹಕ್ಕು ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ ದಾಖಲಾಗಿರಬೇಕು. ಅದು ಇಲ್ಲಿನ ಸಬ್‌ರಿಜಿಸ್ಟ್ರಾರ್ ಕಚೇರಿ ಅಂದುಕೊಳ್ಳಿ. ಕರ್ನಾಟಕದಲ್ಲಿ ಸರ್ವೆ ನಂಬರ್ ತೋರಿಸುವ ನಮ್ಮ ದಿಶಾಂಕ್ ಆ್ಯಪ್ ಇದ್ದ ಹಾಗೆ ಕೌಂಟಿಗಳ ನಕ್ಷೆ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅಕ್ಕಪಕ್ಕದ ಮಾಲೀಕರ ಹೆಸರೂ ಕಾಣುತ್ತದೆ. ಆದರೆ ಆ ಗೆರೆಯನ್ನೇ ಗಡಿ ಅಂದುಕೊಳ್ಳಬೇಡಿ. ಸರ್ವೆ ಮಾಡಿಸಿ. ನನ್ನ ಗಡಿ ಬೇಲಿಗಿಂತ 30 ಅಡಿ ಆಚೆ ಇತ್ತು.

ಇನ್ನು ವಿಸ್ಕಾನ್ಸಿನ್‌ಗೇ ವಿಶೇಷವಾದ ಒಂದು ಬಲೆ, ಮ್ಯಾನೇಜ್ಡ್ ಫಾರೆಸ್ಟ್ ಲಾ. 1985ರ ಕಾನೂನು. ಕನಿಷ್ಠ 20 ಎಕರೆ ಕಾಡನ್ನು 25 ಇಲ್ಲವೇ 50 ವರ್ಷಕ್ಕೆ ಇದರಡಿ ಸೇರಿಸಿದರೆ ಕಂದಾಯ ತುಂಬಾ ಇಳಿಯುತ್ತದೆ. ಬದಲಿಗೆ ಅರಣ್ಯ ಯೋಜನೆಯ ಪ್ರಕಾರ ಮರ ಬೆಳೆಸಬೇಕು, ಕಡಿಯಬೇಕಾದಾಗ ಕಡಿಯಬೇಕು. ಇದರಲ್ಲಿ 'ಓಪನ್', 'ಕ್ಲೋಸ್ಡ್' ಅಂತ ಎರಡು ಬಗೆ. ಓಪನ್‌ಗೆ ಕಂದಾಯ ಇನ್ನೂ ಕಡಿಮೆ. ಯಾಕೆ ಗೊತ್ತಾ? ಅಲ್ಲಿ ಯಾರು ಬೇಕಾದರೂ ಬಂದು ಶಿಕಾರಿ ಮಾಡಬಹುದು! ಮಾಲೀಕ ಬದಲಾದರೂ ಕರಾರು ಜಮೀನಿನ ಜೊತೆಗೇ ಬರುತ್ತದೆ. ಅವಧಿಗೆ ಮೊದಲು ಹೊರಬಂದರೆ ದಂಡದಂತೆ ತೆರಿಗೆ ಕಟ್ಟಬೇಕು. ಒಬ್ಬನೇ ಕೂರಲೆಂದು ಜಮೀನು ಕೊಂಡು, ಶನಿವಾರ ಬೆಳಿಗ್ಗೆ ಮೂರು ಅಪರಿಚಿತ ಕಾರು ನೋಡಿದರೆ ಹೇಗಿರುತ್ತದೆ ಯೋಚಿಸಿ.

ಜಮೀನು ನೋಡಲು ಯಾವಾಗ ಹೋಗಬೇಕು?

ಅಕ್ಟೋಬರಿನಲ್ಲಿ ಬೇಡ. ಎಲೆ ಕೆಂಪಾಗಿರುವಾಗ ಎಂಥ ಬರಡು ಗುಡ್ಡವೂ ಸ್ವರ್ಗ. ಮಾರ್ಚ್ ಕೊನೆಯಲ್ಲಿ, ಹಿಮ ಕರಗಿ ಚಿಗುರು ಬಾರದ ಎರಡು ವಾರದಲ್ಲಿ ಹೋಗಿ. ಜಿಂಕೆಯ ದಾರಿ, ಮಲಗಿದ ಗುರುತು, ಗಂಡು ಕೊಂಬು ಉಜ್ಜಿದ ಮರ ಎಲ್ಲ ಬಯಲಾಗಿರುತ್ತದೆ. ನೆರೆಯವರ ಅಟ್ಟಣಿಗೆಗಳೂ ಕಾಣುತ್ತವೆ. ನಿಮ್ಮ ಗಡಿಗುಂಟ ನಾಲ್ಕು ಅಟ್ಟಣಿಗೆ ನಿಮ್ಮ ಕಡೆಗೇ ಮುಖ ಮಾಡಿದ್ದರೆ ಮುಂದಿನ ಜಮೀನು ನೋಡಿ.

ಗಾಳಿಯ ಲೆಕ್ಕವೂ ಇದೆ. ಶಿಕಾರಿ ತಿಂಗಳಲ್ಲಿ ಇಲ್ಲಿ ಗಾಳಿ ಜಾಸ್ತಿ ಬೀಸುವುದು ಪಶ್ಚಿಮ, ವಾಯವ್ಯದಿಂದ. ನೀವು ಪಶ್ಚಿಮದಿಂದ ಒಳಗೆ ನಡೆದರೆ ನಿಮ್ಮ ವಾಸನೆ ನಿಮಗಿಂತ ಮೊದಲು ಜಮೀನೆಲ್ಲ ಸುತ್ತಿರುತ್ತದೆ. ರಸ್ತೆ ಪೂರ್ವಕ್ಕಿದ್ದರೆ ಒಳ್ಳೆಯದು. ವಾಸ್ತು ನೋಡುವವರಿಗೆ ಸಮಾಧಾನ, ಪೂರ್ವದ ಬಾಗಿಲು ಜಿಂಕೆಗೂ ಸರಿಹೊಂದುತ್ತದೆ.

ಮರಗಳನ್ನೂ ನೋಡಿ. 'ದಟ್ಟ ಕಾಡು' ಅಂತ ಜಾಹೀರಾತಿನಲ್ಲಿದ್ದರೆ ಅದು ಯಾವ ಮರ? ಆ್ಯಷ್ ಆದರೆ ಅರ್ಧ ಸತ್ತಿರಬಹುದು. ಆ ಮರ ಕೊರೆಯುವ ಪಚ್ಚೆ ಹುಳು ಈ ರಾಜ್ಯದಲ್ಲಿ 2008ರಲ್ಲಿ ಕಾಣಿಸಿಕೊಂಡಿತು. ಓಕ್ ಇದ್ದರೆ ಅದೃಷ್ಟ. ಆದರೆ ಏಪ್ರಿಲ್‌ನಿಂದ ಜುಲೈವರೆಗೆ ಅದಕ್ಕೆ ಗರಗಸ ತಾಗಿಸಬೇಡಿ, ಗಾಯದಿಂದ ರೋಗ ಹತ್ತುತ್ತದೆ.

ನೆರೆಯವರು ಹೇಗೆ? ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರಾ?

ಹಳ್ಳಿಯವರು ಹಳ್ಳಿಯವರೇ. ಕೊಂಡ ತಿಂಗಳಲ್ಲೇ ನಾಲ್ಕೂ ಕಡೆಯ ಮನೆಗೆ ಹೋಗಿ ಹೆಸರು ಹೇಳಿಕೊಂಡೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಇಬ್ಬರು ಒಳಗೆ ಕರೆದರು. ನಾಲ್ಕನೆಯವರು ಹಾಲಿನ ಹಸು ಸಾಕುವವರು. ನಮ್ಮ ಮನೆಯಲ್ಲೂ ದನ ಇತ್ತು ಅಂದದ್ದೇ ತಡ, ಒಂದು ಗಂಟೆ ಕೊಟ್ಟಿಗೆ ತೋರಿಸಿದರು. ಗಾಯಗೊಂಡ ಜಿಂಕೆ ಗಡಿ ದಾಟಿದರೆ ಹುಡುಕಲು ಹೋಗಲೂ ಇಲ್ಲಿ ಪಕ್ಕದವರ ಅನುಮತಿ ಬೇಕು. ರಾತ್ರಿ ಎಂಟಕ್ಕೆ ಫೋನ್ ಮಾಡುವಷ್ಟು ಸಲಿಗೆ ಮೊದಲೇ ಇದ್ದರೆ ಚೆನ್ನ. ಬೋರ್ಡ್ ಹಾಕದ ಜಮೀನಿಗೂ ಕೇಳದೆ ಕಾಲಿಡುವಂತಿಲ್ಲ.

ಜಿಂಕೆಗಳಿಗೆ ಏನೋ ರೋಗವಂತೆ?

ಹೌದು, ಸಿಡಬ್ಲ್ಯುಡಿ. ಮೆದುಳು ತೂತಾಗಿ, ಸೊರಗಿ ಸಾಯುವ ರೋಗ. ಔಷಧಿ ಇಲ್ಲ. ಈ ರಾಜ್ಯದಲ್ಲಿ 2002ರಲ್ಲಿ ಮೌಂಟ್ ಹೋರೆಬ್ ಹತ್ತಿರ ಮೊದಲು ಪತ್ತೆಯಾಯಿತು. ನನ್ನ ಜಮೀನಿರುವ ನೈಋತ್ಯ ಭಾಗದಲ್ಲೇ ಇದು ಜಾಸ್ತಿ. ಮನುಷ್ಯರಿಗೆ ಬಂದದ್ದು ದಾಖಲಾಗಿಲ್ಲ. ಆದರೂ ರೋಗ ಇರುವ ಜಿಂಕೆಯನ್ನು ತಿನ್ನಬೇಡಿ ಅನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಪರೀಕ್ಷೆ ಪುಕ್ಕಟೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿ ಚೀಟಿ ಅಂಟಿಸಿಕೊಂಡು ಕಾಯುತ್ತದೆ. ಕಳೆದ ಸಲ ಒಂದಕ್ಕೆ ರೋಗ ಬಂದಿತ್ತು, ಪೂರ್ತಿ ಎಸೆದೆವು. ಈ ಬೇಸರಕ್ಕೆ ತಯಾರಿಲ್ಲದವರು ಬೇರೆ ಕೌಂಟಿ ನೋಡಿ. ರೋಗದ ಕೌಂಟಿಗಳಲ್ಲಿ ಜೋಳ ಚೆಲ್ಲಿ ಜಿಂಕೆ ಕರೆಯುವುದಕ್ಕೂ ನಿಷೇಧ ಇದೆ. ಕ್ಲೋವರ್ ಅನ್ನುವ ಮೇವಿನ ಗಿಡ ಬಿತ್ತಿ ಬೆಳೆಸಿದರೆ ಅಡ್ಡಿಯಿಲ್ಲ.

ಉಣುಗು ಇದೆಯಾ?

ಇದೆ, ಧಾರಾಳ. ಲೈಮ್ ರೋಗ ತರುತ್ತವೆ. ಮಂಗನ ಕಾಯಿಲೆಯ ಸೀಮೆಯಿಂದ ಬಂದವರಿಗೆ ಹೇಳಿಕೊಡಬೇಕಿಲ್ಲ. ಪ್ಯಾಂಟಿನ ಕಾಲು ಸಾಕ್ಸಿನೊಳಗೆ ತುರುಕಿ, ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ.

ಮೂರು ನಾಲ್ಕು ಜನ ಸ್ನೇಹಿತರು ಸೇರಿ ಕೊಂಡರೆ ಅಗ್ಗ ಅಲ್ವಾ?

ಅಗ್ಗ. ಆದರೆ ಒಬ್ಬನಿಗೆ ಕೆಲಸ ಹೋದರೆ ಅವನ ಪಾಲನ್ನು ಯಾರು, ಯಾವ ಬೆಲೆಗೆ ಕೊಳ್ಳಬೇಕು? ಒಳ್ಳೆಯ ಅಟ್ಟಣಿಗೆಯಲ್ಲಿ ಮೊದಲ ದಿನ ಯಾರು? ಭಾವಮೈದುನನನ್ನು ಕರೆತರಬಹುದಾ? ಇದನ್ನೆಲ್ಲ ವಕೀಲರ ಹತ್ತಿರ ಬರೆಸಿ, ಆಮೇಲೆ ದುಡ್ಡು ಹಾಕಿ. ಬರೆಸೋಣ ಅಂದಾಗ 'ನಮ್ಮಲ್ಲೇ ಇದೆಲ್ಲ ಯಾಕೆ ಮಾರಾಯ' ಅನ್ನುವವನು ಇದ್ದರೆ ಅವನ ಜೊತೆ ಕಾಫಿ ಕುಡಿಯಿರಿ, ಜಮೀನು ಬೇಡ.

ಇದೇ ದುಡ್ಡಿಗೆ ಊರಲ್ಲೇ ಜಮೀನು ತಗೊಂಡರೆ?

ಶಿಕಾರಿಗಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಮೀನು ನಿಮ್ಮದಾದರೂ ಜಿಂಕೆಗೆ ಈಡು ಹೊಡೆದರೆ ಜೈಲು. ಅಜ್ಜನ ಕಾಲದ ಕಥೆ ಅಜ್ಜನ ಕಾಲಕ್ಕೇ ಮುಗಿಯಿತು. ತೋಟ ಮಾಡಲಿಕ್ಕೆ ಅಂದರೂ, ಅನಿವಾಸಿಯಾಗಿ ಕೃಷಿ ಭೂಮಿ ಕೊಳ್ಳಲು ವಿದೇಶಿ ವಿನಿಮಯ ಕಾನೂನು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಕರ್ನಾಟಕ 2020ರಲ್ಲಿ ಕೃಷಿಕರಲ್ಲದವರಿಗೂ ಬಾಗಿಲು ತೆರೆದದ್ದು ನಿಜ, ಆದರೆ ಅದರಿಂದ ಅನಿವಾಸಿಗಳ ತಡೆ ಹೋಗಲಿಲ್ಲ.

ನಿಮ್ಮ ಜಮೀನಿಗೆ ಒಂದು ಸಲ ಬರಬಹುದಾ?

ಬನ್ನಿ. ನವೆಂಬರಿನಲ್ಲಿ ಇರುವುದು ಎರಡೇ ಅಟ್ಟಣಿಗೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಹಸು ಸಾಕುವವರ ಮೊಮ್ಮಗಳು. ಏಪ್ರಿಲ್‌ನಲ್ಲಿ ಬಂದರೆ ಎಷ್ಟು ಜನಕ್ಕೂ ಜಾಗ ಇದೆ. ಬಕ್‌ಥಾರ್ನ್ ಅನ್ನುವ ಮುಳ್ಳುಗಿಡ ಬುಡಸಮೇತ ಕೀಳುವ ಕೆಲಸ. ದಪ್ಪ ಕೈಗವಸು ನೀವೇ ತನ್ನಿ, ಮಧ್ಯಾಹ್ನಕ್ಕೆ ಚಿತ್ರಾನ್ನ ನಮ್ಮದು.